ಡಿಸ್ಕಿಗೆ ಹಚ್ಚಿದ ಎಣ್ಣೆ

ನನಗೊಂದು ಚಾಳಿ. ಏನು ಕೆಟ್ಟರೂ ಕೈ ಹಾಕದೆ ಬಿಡುವವನಲ್ಲ. ಕಾರವಾರದ ಆಫೀಸಿನಲ್ಲಿ ಫ್ಯಾನು ನಿಂತರೂ ನಾನೇ ಸ್ಟೂಲ್ ಹತ್ತಬೇಕು. ಹೀಗಿರುವಾಗ ಕಳೆದ ಮಳೆಗಾಲದಲ್ಲಿ ಹೆಂಡತಿ, "ಹೋಯ್, ಈ ಸೈಕಲ್ ಬ್ರೇಕ್ ಇಳಿಜಾರಲ್ಲಿ ಹಿಡಿಯೋದೇ ಇಲ್ಲ ಮಾರಾಯ್ರೆ, ಜೀವ ಬಾಯಿಗೆ ಬರ್ತದೆ" ಅಂದದ್ದೇ ತಡ, ಸುಮ್ಮನಿರುತ್ತೇನೆಯೇ? ಹಟ್ಟಿಕೇರಿಯ ನಮ್ಮ ಮನೆಯಿಂದ ಅವಳು ದಿನಾ ಅಂಗನವಾಡಿ ಕೆಲಸಕ್ಕೆ ಹೋಗುವುದು ಆ ಸೈಕಲ್ಲಿನಲ್ಲೇ.

"ಡಿಸ್ಕ್ ಬ್ರೇಕೇ ಕೂರಿಸ್ತೆ ನೋಡು," ಅಂದೆ. ಚಕ್ರದ ನಟ್ಟನಡುವೆ ಕಡ್ಡಿಗಳೆಲ್ಲ ಸೇರುವ ಹಳೇ ಹಬ್ಬಿನಲ್ಲಿ ಡಿಸ್ಕ್ ಬಿಗಿಯಲು ಜಾಗವೇ ಇರುವುದಿಲ್ಲ. ಮುಂದಿನ ಚಕ್ರದ ಕಡ್ಡಿಗಳನ್ನೆಲ್ಲ ಬಿಚ್ಚಿ, ಹಬ್ ಒಂದನ್ನೇ ಚೀಲಕ್ಕೆ ಹಾಕಿಕೊಂಡು ಬಾಳೆಗುಳಿಯ ಲೇತ್ ಅಂಗಡಿಗೆ ಹೋದೆ. ಕಬ್ಬಿಣದ ದುಂಡು ಪ್ಲೇಟು ಮಾಡಿಸಿ, ಆರು ತೂತು ಕೊರೆಸಿ, ಹಬ್ಬಿನ ಮಗ್ಗುಲಿಗೆ ವೆಲ್ಡ್ ಮಾಡಿಸಿದೆ. ಮನೆಗೆ ತಂದು ಕಡ್ಡಿ ಕಟ್ಟಿ, ಡಿಸ್ಕ್ ಬಿಗಿದು, ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಪ್ಯಾಡು ಕೂರಿಸಿ, ಚಕ್ರ ತಿರುಗಿಸಿದರೆ ಒಂದು ಚೂರೂ ವಾಲಾಡಲಿಲ್ಲ. ಅಬ್ಬಾ, ಏನು ಜಂಬ ನನಗೆ! ಅಕ್ಕಪಕ್ಕದವರನ್ನೆಲ್ಲ ಕರೆದು, ಓಡಿಸಿ, ಗಕ್ಕನೆ ನಿಲ್ಲಿಸಿ ತೋರಿಸಿದೆ. "ಹಿಂದಿನ ಬ್ರೇಕನ್ನ ನೀನಿನ್ನು ಮುಟ್ಟೋದೇ ಬೇಡ," ಎಂದು ಹೆಂಡತಿಗೆ ಪಾಠವನ್ನೂ ಹೇಳಿದೆ. ಅವಳು ನಂಬಿದಳು.

ಆಯುಧಪೂಜೆ ಬಂತು. ಕತ್ತಿ, ಹಾರೆ, ಗುದ್ದಲಿಗೆಲ್ಲ ಕೊಬ್ಬರಿ ಎಣ್ಣೆ ಸವರಿ ಕುಂಕುಮ ಇಟ್ಟೇ ಪೂಜೆಗಿಡುವುದು ನಮ್ಮ ಮನೆಯ ಕ್ರಮ. ಅದೇ ಎಣ್ಣೆ ಬಟ್ಟೆಯಲ್ಲಿ ಡಿಸ್ಕನ್ನೂ ಚೆನ್ನಾಗಿ ಉಜ್ಜಿದೆ. ಫಳಫಳ ಮಿಂಚಿತು. ಗೊಂಡೆಹೂವಿನ ಮಾಲೆ ಹಾಕಿ ಕೈ ಮುಗಿದೆ. ಎಣ್ಣೆ ತಾಗಿದ ಡಿಸ್ಕನ್ನು ಪ್ಯಾಡು ಹಿಡಿಯುವುದಿಲ್ಲ ಅನ್ನುವ ಸಣ್ಣ ಬುದ್ಧಿ ಈ ಮಹಾನುಭಾವನಿಗೆ ಬರಲಿಲ್ಲ.

ರಜೆ ಮುಗಿದು ಅವಳು ಕೆಲಸಕ್ಕೆ ಹೊರಟ ಬೆಳಿಗ್ಗೆ, ಇಳಿಜಾರಿನ ಕಡೆಯಿಂದ ಕೂಗು ಕೇಳಿ ಓಡಿದೆ. ಸೈಕಲ್ಲು ಗದ್ದೆಯ ಕೆಸರಿನಲ್ಲಿತ್ತು. ಅವಳು ರಸ್ತೆ ಪಕ್ಕದ ದರೆಯ ಬದಿಗೆ ಕೂತಿದ್ದಳು, ಮೊಣಕೈ ತರಚಿ, ಮಣಿಕಟ್ಟು ಊದಿತ್ತು. ಸುತ್ತ ನಿಂತವರು ಯಾರು? ನಾನು ಕರೆದು ಬ್ರೇಕ್ ತೋರಿಸಿದವರೇ.

"ನನ್ನ ಕೈಗೇ ಬಲ ಸಾಲ್ಲಿಲ್ಲ ಕಾಣ್ತದೆ," ಅಂದಳು ಹೆಂಡತಿ. "ನೀವು ಅಷ್ಟು ಕಷ್ಟಪಟ್ಟು ಮಾಡಿದ್ದು, ಹಾಳು ಮಾಡ್ಬಿಟ್ಟೆ."

ಡಿಸ್ಕ್ ಮುಟ್ಟಿ ನೋಡಿದೆ. ಬೆರಳು ಜಾರಿತು, ಕೊಬ್ಬರಿ ಎಣ್ಣೆಯ ವಾಸನೆ. ಥೂ ನನ್ನ ಜನ್ಮಕ್ಕಿಷ್ಟು, ಭೂಮಿ ಬಾಯಿಬಿಡಬಾರದೇ ಅನಿಸಿತು. "ನಿನ್ನ ಕೈಯಲ್ಲ ಮಾರಾಯ್ತಿ. ಪೂಜೆಗೆ ಅಂತ ನಾನೇ ಇದಕ್ಕೆ ಎಣ್ಣೆ ಹಚ್ಚಿದ್ದು," ಅಂದೆ, ಎಲ್ಲರಿಗೂ ಕೇಳುವ ಹಾಗೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. ಅವಳಾದರೂ ನಾಲ್ಕು ಬೈಯುತ್ತಾಳೆಂದು ಕಾದೆ.

"ಪೂಜೆ ಎಣ್ಣೆಯಾ?" ಅಂದಳು. "ಅದಕ್ಕೇ ಇಷ್ಟರಲ್ಲಿ ಉಳಿದೆ ನೋಡಿ." ಊದಿದ ಕೈಯನ್ನೇ ಎತ್ತಿ ನಿಜವಾಗಿಯೂ ಕೈ ಮುಗಿದಳು. ಸೈಕಲ್ ಎತ್ತುವ ನೆಪದಲ್ಲಿ ಬಗ್ಗಿದವನು ನಾನು ತಲೆ ಎತ್ತಲಿಲ್ಲ.