ನನ್ನ ಡಿಗ್ರಿಯ ಕುಲಗೋತ್ರ

ಇವತ್ತು ಬೆಳಿಗ್ಗೆ ಕಪಾಟಿನಿಂದ ಕಂಬಳಿ ಎಳೆದರೆ ಅದರ ಹಿಂದಿನಿಂದ ನನ್ನ ಪದವಿಯ ಕಪ್ಪು ಗೌನು ಜಾರಿ ಬಿತ್ತು. ಕವರಿನಲ್ಲೇ ಇದ್ದೂ ಇದ್ದೂ ಪ್ಲಾಸ್ಟಿಕ್ ವಾಸನೆ ಹಿಡಿದಿದೆ. ಲಾಸ್ ಏಂಜಲೀಸಿನಲ್ಲಿ ಎಂಥ ಚಳಿ ಎಂದು ನೀವು ನಗಬಹುದು, ನಗಿ. ಉಡುಪಿಯವಳಿಗೆ ಇದೂ ಚಳಿಯೇ.

ಆ ಗೌನು ತೊಟ್ಟದ್ದು ಒಮ್ಮೆ ಮಾತ್ರ, ಅದೂ ನಮ್ಮ ಮನೆಯ ಹಾಲಿನಲ್ಲಿ. ಕೊರೋನಾ ಕಾಲ. ಮದುವೆಯಿಂದಾಗಿ ಅರ್ಧಕ್ಕೆ ನಿಂತಿದ್ದ ಓದನ್ನು ನಲವತ್ತು ದಾಟಿದ ಮೇಲೆ ಇಲ್ಲಿ ಮುಗಿಸಿದ್ದೆ. ಘಟಿಕೋತ್ಸವವೂ ಆನ್‌ಲೈನ್. ಲ್ಯಾಪ್‌ಟಾಪಿನಲ್ಲಿ ಯಾರೋ ನನ್ನ ಹೆಸರನ್ನು ಕುಲಗೆಡಿಸಿ ಕೂಗಿದರು. ಊರಿನಲ್ಲಿ ಅಮ್ಮ ಫೋನಿನ ಮೇಲೆಯೇ ಅಕ್ಷತೆ ಹಾಕಿದಳು. ಅಂದಿನಿಂದ ನೆರೆಯವರಿಗೆಲ್ಲ ಒಂದೇ ಮಾತು: "ನಮ್ಮ ಮಗಳಿಗೆ ನ್ಯಾಷನಲ್ ಡಿಗ್ರಿ ಸಿಕ್ಕಿದ್ದು ಮಾರಾಯ್ತಿ!"

ಈ ನ್ಯಾಷನಲ್ಲಿನ ಕಥೆ ಹೇಳಲೇಬೇಕು. ಕಾಲೇಜು ಹುಡುಕುವಾಗ ಒಂದಕ್ಕೆ ರೀಜನಲ್ ಮಾನ್ಯತೆ, ಇನ್ನೊಂದಕ್ಕೆ ನ್ಯಾಷನಲ್ ಮಾನ್ಯತೆ ಎಂದಿತ್ತು. ನಮಗೆ ಗೊತ್ತಿದ್ದ ಏಣಿ ಒಂದೇ: ತಾಲೂಕು, ಜಿಲ್ಲೆ, ರಾಜ್ಯ, ರಾಷ್ಟ್ರ. ಕಬಡ್ಡಿಯಿರಲಿ, ಭಾಷಣ ಸ್ಪರ್ಧೆಯಿರಲಿ, ಮೇಲಿನ ಮೆಟ್ಟಿಲು ಅದೇ ತಾನೆ? "ನ್ಯಾಷನಲ್ಲೇ ಸಿಗ್ತಿರೋವಾಗ ರೀಜನಲ್ ಯಾಕೆ ಬೇಕೇ?" ಎಂದರು ಬೆಂಗಳೂರಿನವರಾದ ನಮ್ಮೆಜಮಾನರು. ಎಲ್ ಸೆಗುಂಡೋದಲ್ಲಿ ಉಪಗ್ರಹದ ಕೆಲಸ ಮಾಡುವವರು, ಅವರಿಗೆ ತಿಳಿಯದ್ದು ನನಗೆ ತಿಳಿದೀತೇ!

ಆಮೇಲೆ ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್ ಮಾಡುವ ಹುಚ್ಚು ಹಿಡಿಯಿತು. ಮಗಳನ್ನು ಜೊತೆಗೆ ಕಟ್ಟಿಕೊಂಡು ಸ್ಯಾನ್ ಡಿಯಾಗೋದ ಒಂದು ವಿಶ್ವವಿದ್ಯಾಲಯಕ್ಕೆ ಡ್ರೈವ್ ಮಾಡಿದೆ. ಕಚೇರಿಯ ಹೆಂಗಸು ನನ್ನ ಅಂಕಗಳನ್ನು ನೋಡಿ ಮೆಚ್ಚಿದಳು, ಕಾಲೇಜಿನ ಹೆಸರು ನೋಡಿ ಮುಖ ಸಣ್ಣದು ಮಾಡಿದಳು. ಇಲ್ಲಿ ಹೆಸರುವಾಸಿ ವಿಶ್ವವಿದ್ಯಾಲಯಗಳಿಗೆಲ್ಲ ಇರುವುದು ರೀಜನಲ್ ಮಾನ್ಯತೆಯೇ ಅಂತೆ. ನನ್ನದೂ ರೀಜನಲ್ ಆಗಿದ್ದರೆ ಅಡ್ಡಿಯಿರಲಿಲ್ಲ, ನ್ಯಾಷನಲ್ ಆದ್ದರಿಂದ ಆಗುವುದಿಲ್ಲವಂತೆ. ಸರ್ಕಾರವೇನೋ ಆ ಭೇದವನ್ನು ತೆಗೆದುಹಾಕಿದೆಯಂತೆ. ಆದರೆ ಅವರ ವಿಭಾಗ ಇನ್ನೂ ನೋಡುತ್ತದಂತೆ. ನನಗೆ ನಮ್ಮೂರ ಊಟದ ಪಂಕ್ತಿ ನೆನಪಾಯಿತು. ಕಾನೂನಿನಲ್ಲಿ ಭೇದವಿಲ್ಲ, ಎಲೆ ಹಾಕುವಾಗ ಮಾತ್ರ ಯಾರ ಪೈಕಿ ಎಂದು ಕೇಳುತ್ತಾರೆ.

"ಹಾಗಾದರೆ ನಾನು ಪದವೀಧರೆಯೋ ಅಲ್ಲವೋ?" ಎಂದು ಕೇಳಿದೆ. ಆಕೆ ಪಾಪ, ತುಂಬ ಯೋಚಿಸಿ, ಸರ್ಕಾರದ ಮಟ್ಟಿಗೆ ಹೌದು, ನಮ್ಮ ಮಟ್ಟಿಗೆ ಇನ್ನೂ ಅಲ್ಲ ಎಂದಳು.

ಅಲ್ಲೇ ಹತ್ತಿರದ ಲಾ ಹೋಯಾದಲ್ಲಿ ಸಮುದ್ರದ ಎದುರು ಕೂತು ಬುತ್ತಿಯ ಚಿತ್ರಾನ್ನ ತಿನ್ನುವಾಗ ಮಗಳು ಹೇಳಿದಳು: "ಅಮ್ಮಾ, ರೀಜನಲ್ ಈಸ್ ದ ಬೆಟರ್ ಒನ್. ಎವ್ರಿಬಡಿ ನೋಸ್."

"ಮೊದಲೇ ಬೊಗಳೋಕೆ ಏನಾಗಿತ್ತೇ ನಿಂಗೆ?"

"ಯು ನೆವರ್ ಆಸ್ಕ್ಡ್ ಮಿ."

ಅಳು ಬಂತು. ಗೃಹಿಣಿ, ಗೃಹಿಣಿ ಎಂದು ಎಲ್ಲ ಕಡೆ ಬರೆದೂ ಬರೆದೂ ಸಾಕಾಗಿ ಓದಿದವಳು ನಾನು. ಕುಕ್ಕರಿನ ಸೀಟಿ ಎಣಿಸುತ್ತ ಪರೀಕ್ಷೆ ಬರೆದದ್ದು ಸುಳ್ಳೇ? ಎರಡನೆಯ ವಿಶ್ವವಿದ್ಯಾಲಯವೂ ಅದೇ ರಾಗ ಹಾಡಿತು. ಆಸೆ ಬಿಟ್ಟೇ ಸುಮ್ಮನೆ ಮೂರನೆಯದಕ್ಕೆ ಅಪ್ಲೈ ಮಾಡಿದ್ದೆ.

ಮೊನ್ನೆ ಅಲ್ಲಿಂದ ಸೀಟು ಕೊಟ್ಟಿದ್ದೇವೆ ಎಂದು ಇಮೇಲ್ ಬಂತು. ಅದೇ ಡಿಗ್ರಿ, ಅದೇ ಅಂಕ. ಯಾವ ಕಾಲೇಜು, ಎಂಥ ಮಾನ್ಯತೆ ಎಂದು ಒಬ್ಬರೂ ಕೇಳಲಿಲ್ಲ. ಕುಣಿಯಬೇಕಿತ್ತು, ಅಲ್ಲವೇ? ನಾನು ಮಾಡಿದ್ದೇನು ಗೊತ್ತೇ? ಹೀಗೆ ವಿಚಾರಿಸದೆ ಸೇರಿಸಿಕೊಳ್ಳುವ ಇವರು ಸರಿಯಾದವರೋ ಅಲ್ಲವೋ ಎಂದು ಆವತ್ತಿನಿಂದ ಅವರ ಮಾನ್ಯತೆ ಯಾವುದೆಂದು ಜಾಲಾಡತೊಡಗಿದೆ. ಒಂದು ಕಡೆ ರೀಜನಲ್ ಎಂದಿದೆ, ಇನ್ನೊಂದು ಕಡೆ ಆ ಮಾಹಿತಿ ಹಳೆಯದು ಎಂದಿದೆ. ತಲೆ ಕೆಟ್ಟು ಮೊಸರಾಯಿತು.

ಒಪ್ಪಿಗೆ ತಿಳಿಸಲು ಇವತ್ತೇ ಕೊನೆ. ಗೌನನ್ನು ಒಳಗಿಟ್ಟು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಕಾಫಿ ಹಿಡಿದು ಬಂದ ನಮ್ಮೆಜಮಾನರು ಇಣುಕಿ ನೋಡಿ ನಕ್ಕರು. "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಲಂತೆ. ಆ ಸ್ಯಾನ್ ಡಿಯಾಗೋದವರು ನಿನ್ನ ಡಿಗ್ರಿಯ ಕುಲ ಕೇಳಿದ್ದಕ್ಕೆ ಅತ್ತುಬಿಟ್ಟೆ. ಈಗ ನೀನು ಕೇಳ್ತಿರೋದೇನು?"

ಮೈಯೆಲ್ಲ ಉರಿಯಿತು. ನಾಚಿಕೆಯೂ ಆಯಿತು. ತೆರೆದಿದ್ದ ಪುಟಗಳನ್ನೆಲ್ಲ ಒಂದೊಂದಾಗಿ ಮುಚ್ಚಿ, ಬರುತ್ತೇನೆ ಎಂದು ಒತ್ತಿಬಿಟ್ಟೆ. ಅವರ ಮಾನ್ಯತೆ ಯಾವುದೋ, ನನಗೆ ಈಗಲೂ ಗೊತ್ತಿಲ್ಲ.