ಹೊರಗೆ ಕೂರುವ ಮೂರು ದಿನ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಡೂರಿನಲ್ಲಿ ಟೀಚರ್ ಆಗಿದ್ದೆ. ಶನಿವಾರ ಶಾಲೆ ಬಿಟ್ಟೊಡನೆ ಬೀರೂರಿಗೆ ಬಂದು ಅಜ್ಜಂಪುರದ ಬಸ್ಸು ಹಿಡಿಯುತ್ತಿದ್ದೆ. ಊರಿನಲ್ಲಿ ನಮ್ಮದು ಹದಿನಾಲ್ಕು ಜನರ ಮನೆ. ಅಮ್ಮ ಹಿರಿಸೊಸೆ, ಎರಡು ಹೊತ್ತೂ ಸೌದೆ ಒಲೆಯ ಮುಂದೆ ಕೂತು ಮುದ್ದೆ ತೊಳಸುವವಳು ಅವಳೇ. ಮುಟ್ಟಾದಾಗ ಮಾತ್ರ ಮೂರು ದಿನ ಹಿತ್ತಿಲ ಜಗುಲಿಯಲ್ಲಿ ಹೊರಗೆ ಕೂರುತ್ತಿದ್ದಳು. ಆಗ ಒಲೆ ಚಿಕ್ಕಮ್ಮನ ಪಾಲಿಗೆ.

ಅಮ್ಮನಿಗೆ ಐವತ್ತು ಹತ್ತಿರ ಬರುತ್ತಿತ್ತು. ಮುದ್ದೆ ಕಟ್ಟುವಾಗ ಮುಖ ಇದ್ದಕ್ಕಿದ್ದಂತೆ ಕೆಂಪಾಗಿ, ಕುಪ್ಪಸ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಗಂಡಸರು ಊಟಕ್ಕೆ ಕೂತಿರುವಾಗ ಗಾಳಿಗೆಂದು ಎದ್ದು ಹೋಗುವಂತಿರಲಿಲ್ಲ. ಅಪ್ಪ ಪಿತ್ತವೆಂದು ಜೀರಿಗೆ ಕಷಾಯ ಕುಡಿಸಿದರು. ಅದೂ ಬಿಸಿಬಿಸಿ.

ಅದೇ ಅಮ್ಮ ಜಗುಲಿಯಲ್ಲಿ ಈರುಳ್ಳಿ ಆರಿಸುತ್ತಾ ಕೂತಾಗ ಬೇರೆಯೇ ಹೆಂಗಸು. ಸೆಕೆ ಏರಿದರೆ ಮೊರದಲ್ಲಿ ಗಾಳಿ ಬೀಸಿಕೊಂಡು, ಅದು ಇಳಿಯುವ ತನಕ ಸುಮ್ಮನಿದ್ದು, ಮತ್ತೆ ನನ್ನನ್ನು ಗೇಲಿ ಮಾಡಲು ಶುರುಮಾಡುತ್ತಿದ್ದಳು.

ಒಂದು ಶನಿವಾರ ಗಮನಿಸಿದೆ: ಅಮ್ಮ ಹೊರಗೆ ಕೂತಿದ್ದಾಳೆ, ಬೇಲಿಯ ಮರೆಯಲ್ಲಿ ಮುಟ್ಟಿನ ಬಟ್ಟೆ ಒಣಗುತ್ತಿಲ್ಲ. ಮುಂದಿನ ತಿಂಗಳೂ ಇಲ್ಲ. ಮುಟ್ಟು ನಿಂತಿದೆ, ತನ್ನ ಅತ್ತೆಗೆ, ಅಂದರೆ ನಮ್ಮಜ್ಜಿಗೆ, ಹೇಳಲು ನಾಚಿಕೊಂಡು ಚಳಿಯಲ್ಲಿ ಹೊರಗೆ ಮಲಗುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಓದಿದವಳಲ್ಲವೇ, ನನಗೆ ಎಲ್ಲ ಗೊತ್ತು. ಅಂದೇ ಹೆಂಗಸರು ಊಟಕ್ಕೆ ಕೂತಾಗ ಎಲ್ಲರೆದುರು ಅಜ್ಜಿಗೆ ಹೇಳಿಬಿಟ್ಟೆ.

"ಅಮ್ಮಂಗೆ ನಿಂತೋಗಿದೆ ಕಣಜ್ಜಿ. ಇನ್ನೂ ಯಾಕೆ ಹೊರಗೆ ಕೂರಿಸ್ತೀಯ?"

ಚಿಕ್ಕಮ್ಮ ತಟ್ಟೆಯಿಂದ ಕೈ ತೆಗೆದಳು. "ಹಂಗಾದ್ರೆ ಇಷ್ಟು ದಿನ ನಾನ್ ಒಲೆ ಮುಂದೆ ಬೆಂದಿದ್ದು ಸುಮ್ಸುಮ್ನೇನಾ?"

ಅಮ್ಮ ಜಗುಲಿಯಿಂದ ನನ್ನತ್ತ ನೋಡಿದಳು.

ಆಮೇಲೆ ಅಜ್ಜಿ ನನ್ನನ್ನು ಬಚ್ಚಲ ಬಳಿ ಕರೆದಳು. "ನಂಗೆ ಗೊತ್ತಿರ್ಲಿಲ್ಲ ಅನ್ಕಂಡ್ಯಾ? ವರ್ಷ ಆಯ್ತು ಕಣೇ. ನಾನೂ ನನ್ ಕಾಲ್ದಲ್ಲಿ ಎರಡು ವರ್ಷ ಹಂಗೇ ಕೂತಿದ್ದೆ, ನಮ್ಮತ್ತೆ ಕಂಡೂ ಕಾಣ್ದಂಗಿದ್ಲು. ಈಗ ಎಲ್ರಿಗೂ ಗೊತ್ತಾಯ್ತಲ್ಲ, ನಿಮ್ಮಮ್ಮನ್ನ ಹೆಂಗೆ ಕೂರಿಸ್ಲಿ ಹೇಳು."

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮಕ್ಕಳಿಂದ ಹತ್ತು ಸಲ ಕಾಪಿ ಬರೆಸುತ್ತಿದ್ದವಳು ನಾನೇ. ನಾಚಿಕೆಯಿಂದ ಅಳು ಬಂತು.

ಮರುದಿನ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ ಅಡುಗೆಮನೆಗೆ ಬಂದಳು. ಒಲೆ ಹೊತ್ತಿಸಿ ಹಿಟ್ಟು ಹಾಕುವಷ್ಟರಲ್ಲಿ ಕತ್ತಿನ ಮೇಲೆ ಬೆವರು ಇಳಿಯತೊಡಗಿತು. ನಾನು ಪಕ್ಕದಲ್ಲಿ ಕೂತು ಅವಳ ಕೈಯಲ್ಲಿದ್ದ ಮುದ್ದೆಕೋಲು ಹಿಡಿದೆ. ಅಮ್ಮ ಬಿಡಲಿಲ್ಲ.

"ಇರ್ಲಿ ಬಿಡು," ಎಂದಳು. "ನೀನಿರೋದು ಇವತ್ತೊಂದಿನ ತಾನೇ."