ಒಣಮೀನಿನ ಮೇಲೆ ಅಮೆರಿಕದ ತೀರ್ಪು

ಅಬುಧಾಬಿಯಲ್ಲಿ ನನ್ನ ಕೆಲಸವೇ ವಿಚಿತ್ರ. ಅಮೆರಿಕದ ಕೋರ್ಟುಗಳ ತೀರ್ಪು ಓದಿ, ಅಲ್ಲಿಯ ವಕೀಲರಿಗೇ ಸಾರಾಂಶ ಬರೆದು ಕಳಿಸಬೇಕು. ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲಾಟಿನಲ್ಲಿ ಮಂಗಳೂರಿನ ವಸಂತ ಶುಕ್ರವಾರ ಬಂತೆಂದರೆ ಒಣಮೀನು ಹುರಿಯುತ್ತಿದ್ದ. ಮೈಸೂರಿನ ನಾನು ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡುತ್ತಿದ್ದೆ. ನಮ್ಮ ಜಗಳ ಬಿಡಿಸುವವರು ಫ್ಲಾಟಿಗೇ ಹಿರಿಯರಾದ ಭಟ್ಕಳದ ಇಸ್ಮಾಯಿಲ್ ಭಾಯಿ.

ಒಂದು ದಿನ ಆಫೀಸಿನಲ್ಲಿ ನನಗೆ ಬೇಕಾದ ತೀರ್ಪೇ ಸಿಕ್ಕಿತು. ಪಕ್ಕದ ಮನೆಯ ಅಡುಗೆ ವಾಸನೆಯೂ ಉಪದ್ರವವೇ ಎಂದಿತ್ತು ಕೋರ್ಟು. ಭಾಯಿಗೆ ಓದಿ ಹೇಳಿದೆ.

“ಅಮೆರಿಕದವರೇ ಹೇಳಿದ ಮೇಲೆ ಖಲಾಸ್. ವಸಂತ, ಮೀನು ಬಂದ್.”

“ಸೋತವರು ಅಪೀಲು ಹೋದ್ರೆ ಭಾಯ್?” ಎಂದ ವಸಂತ.

“ಹೋದ್ರೆ ನೋಡುವ.”

ಅಂದಿನಿಂದ ವಸಂತ ದಿನಾ ಸಂಜೆ ನನ್ನನ್ನು ಬಾಗಿಲಲ್ಲೇ ಹಿಡಿಯುತ್ತಿದ್ದ: “ಕೇಸ್ ಏನಾಯ್ತು ಮಾರಾಯ?”

ತಿಂಗಳುಗಟ್ಟಲೆ ಕಾದ ಮೇಲೆ ಮೇಲಿನ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಸಾರಾಂಶ ಬರೆಯಲು ನನ್ನ ಮೇಜಿಗೇ ಬಂತು. ಮುಖ ಸಪ್ಪಗೆ ಮಾಡಿಕೊಂಡು ಹೇಳಿದೆ.

“ಯಲ್ಲಾ, ನಡಿ ವಸಂತ, ಎಣ್ಣೆ ಇಡು,” ಅಂದರು ಭಾಯಿ.

“ಇನ್ನೂ ಸುಪ್ರೀಂ ಕೋರ್ಟ್ ಇದೆ ಭಾಯ್!” ಅಂದೆ ನಾನು.

“ಇರಲಿ. ಅಷ್ಟರವರೆಗೆ ತಿನ್ನುವ.”

ಆಮೇಲೆ ಪ್ರತಿ ಶುಕ್ರವಾರ ನಾನು ಬಾಲ್ಕನಿಯಲ್ಲಿ ನಿಂತು ವಾಷಿಂಗ್ಟನ್ನಿನ ಸುದ್ದಿ ನೋಡುತ್ತಿದ್ದೆ. ಅಮೆರಿಕದ ನ್ಯಾಯಕ್ಕಾಗಿ ಅಬುಧಾಬಿಯ ಬಿಸಿಲಲ್ಲಿ ಅಷ್ಟು ಬೆವರು ಸುರಿಸಿದವನು ಇನ್ನೊಬ್ಬ ಇರಲಾರ.